ನನ್ನ ಕಾಯಿ, ಅವಳ ಸಮುದ್ರ

ನಮ್ಮ ಬಿಳಿಗೆರೆ ಮನೆಯ ನಡುಮನೆಯಲ್ಲಿ ಹಾಸಿಗೆ ಹಾಸುವುದಕ್ಕೆ ಒಂದು ಕ್ರಮವಿತ್ತು. ಗೋಡೆ ಕಡೆಗೆ ಅಮ್ಮ, ಅಮ್ಮನ ಮಗ್ಗುಲಲ್ಲಿ ತಂಗಿ ಶೈಲ, ಅವಳ ಪಕ್ಕ ಅಜ್ಜಿ, ಅಜ್ಜಿಯ ಆಚೆಗೆ ನಾನು. ಅಪ್ಪ ಜಗಲಿಯಲ್ಲಿ. ಈ ಹಂಚಿಕೆ ಯಾವಾಗ ಆಯಿತೋ, ಯಾರು ಮಾಡಿದರೋ, ನನ್ನನ್ನಂತೂ ಕೇಳಿರಲಿಲ್ಲ. ಶೈಲ ಹುಟ್ಟುವ ಮೊದಲು ಅಮ್ಮನ ಮಗ್ಗುಲು ನನ್ನದೇ ಆಗಿತ್ತಂತೆ. ಆಗ ನನಗೆ ಬುದ್ಧಿ ಇರಲಿಲ್ಲ. ಬುದ್ಧಿ ಬರುವ ಹೊತ್ತಿಗೆ ಮಗ್ಗುಲಿರಲಿಲ್ಲ. ನನ್ನ ಪಾಲಿಗೆ ಬಂದ ಜಾಗದ ನೆತ್ತಿಯ ಮೇಲೆ ಅಟ್ಟದ ತೊಲೆ. ತೊಲೆಯ ಮೇಲೆ ಅಟ್ಟ, ಅಟ್ಟದ ತುಂಬ ಸಿಪ್ಪೆ ಸುಲಿಯದ ತೆಂಗಿನಕಾಯಿ. ಇಲಿ ಓಡಿದರೆ ಒಂದು ಕಾಯಿ ಉರುಳುತ್ತಿತ್ತು, ಅದು ಇನ್ನೊಂದನ್ನು ತಳ್ಳುತ್ತಿತ್ತು, ದಡದಡ ಸದ್ದು. ಅಟ್ಟ ಕುಸಿದರೆ ಮೊದಲು ಹೋಗುವುದು ನನ್ನ ತಲೆ, ಅಮ್ಮನೂ ಶೈಲಳೂ ಗೋಡೆಯ ಆಸರೆಯಲ್ಲಿ ಉಳಿದುಕೊಳ್ಳುತ್ತಾರೆ ಅಂತ ಯೋಚಿಸುತ್ತಾ ಮಲಗುತ್ತಿದ್ದೆ. ಈಗ ಐವತ್ತು ದಾಟಿದ್ದೇನೆ. ತುರುವೇಕೆರೆಯಲ್ಲಿ ತಾರಸಿ ಮನೆ, ತಲೆಯ ಮೇಲೆ ಫ್ಯಾನು ಬಿಟ್ಟರೆ ಏನೂ ಇಲ್ಲ. ಈಗ ಫ್ಯಾನಿನದೇ ಯೋಚನೆ. ಬಸ್ ಸ್ಟ್ಯಾಂಡಿನ ತನಕ ಹೋಗಿ, ಗ್ಯಾಸ್ ಆಫ್ ಮಾಡಿದೆನಾ ಅಂತ ವಾಪಸ್ ಬಂದು ನೋಡುವ ಹೆಂಗಸು ನಾನು. ಗ್ಯಾಸ್ ಯಾವತ್ತೂ ಆಫ್ ಆಗಿಯೇ ಇರುತ್ತದೆ. ಬಸ್ಸು ಹೋಗಿರುತ್ತದೆ.

ನಮ್ಮ ಸೀಮೆಯಲ್ಲಿ ಮರದಿಂದ ಇಳಿದ ಮಾತ್ರಕ್ಕೆ ಕಾಯಿಯ ಕೆಲಸ ಮುಗಿಯುವುದಿಲ್ಲ. ಅದು ಅಟ್ಟ ಹತ್ತಿ ಹೆಚ್ಚುಕಮ್ಮಿ ಒಂದು ವರ್ಷ ಮಲಗಬೇಕು. ಕೆಳಗಿನ ಒಲೆಯ ಹೊಗೆ, ಮೇಲಿನ ಹೆಂಚಿನ ಕಾವು ಉಂಡು ಒಳಗಿನ ನೀರು ಇಂಗಿ, ತಿರುಳು ಒಣಗಿ, ಚಿಪ್ಪಿನಿಂದ ಬಿಡಿಸಿಕೊಂಡು ಉಂಡೆ ಕೊಬ್ಬರಿಯಾಗಬೇಕು. ಆಗಿದೆಯೋ ಇಲ್ಲವೋ ಗೊತ್ತಾಗುವುದು ಕಿವಿಗೆ. ಅಜ್ಜಿ ಏಣಿ ಹತ್ತಿ ಕಾಯಿ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸುತ್ತಿದ್ದಳು. ಗುಳುಗುಳು ಅಂದರೆ ಇನ್ನೂ ನೀರಿದೆ. ಏನೂ ಅನ್ನದಿದ್ದರೆ ನೀರು ಇಂಗಿದೆ, ಕೊಬ್ಬರಿ ಚಿಪ್ಪು ಬಿಟ್ಟಿಲ್ಲ. ಲೊಡಲೊಡ ಅಂದರೆ ಆಯಿತು. ಕಾಯಿ ಅಟ್ಟಕ್ಕೆ ಹಾಕುವ ದಿನ ಅಜ್ಜಿ ನಮ್ಮಿಬ್ಬರ ಹೆಸರಿಗೆ ಒಂದೊಂದು ಕಾಯಿ ಆರಿಸಿ ಸುಣ್ಣದ ಬೊಟ್ಟು ಇಡುತ್ತಿದ್ದಳು. ನನ್ನದಕ್ಕೆ ಒಂದು ಬೊಟ್ಟು, ಶೈಲಳದಕ್ಕೆ ಎರಡು. ಅವಳಿಗೆ ಮಾತ್ರ ಯಾಕೆ ಎರಡು ಅಂತ ಕೇಳಿದ್ದೆ.

"ಎರಡನೆಯವಳು ಕಣೇ, ಅದಕ್ಕೆ."

ಉತ್ತರ ಸರಿಯಾಗಿಯೇ ಇತ್ತು. ಆದರೂ ಎರಡು ಎರಡೇ. ಯಾರ ಕಾಯಿ ಮೊದಲು ಲೊಡಲೊಡ ಅನ್ನುತ್ತದೋ ಅವಳದನ್ನು ಮೊದಲು ಸುಲಿದು ಒಡೆದು, ಆ ಉಂಡೆಯನ್ನು ಬೆಲ್ಲದ ಜೊತೆ ಅವಳ ಕೈಗೇ ಕೊಡುವುದು ಮನೆಯ ರಿವಾಜು. ಪ್ರತಿ ವರ್ಷ ಶೈಲಳ ಕಾಯಿಯೇ ಮೊದಲು ಮಾತಾಡುತ್ತಿತ್ತು. ನನ್ನ ಕಾಯಿ ನನ್ನ ಹಾಗೇ, ಒಳಗೊಳಗೇ ಏನೋ ಇಟ್ಟುಕೊಂಡು ಸುಮ್ಮನಿರುತ್ತಿತ್ತು. ಆದರೆ ನಾವು ಸಮುದ್ರಕ್ಕೆ ಹೋದ ವರ್ಷ ನನ್ನದು ಮೊದಲು ಸದ್ದು ಮಾಡಿತು. ಅಜ್ಜಿ ಏಣಿಯ ಮೇಲಿಂದಲೇ ಕೂಗಿ ಹೇಳಿದಳು. ನಾನು ಶೈಲಳ ಮುಖ ನೋಡಿದೆ. ಅವಳು "ಹೌದಾ ಅಕ್ಕ!" ಅಂತ ನಿಜವಾಗಿಯೂ ಖುಷಿಪಟ್ಟಳು. ಅದೇ ಅವಳ ಕೆಟ್ಟ ಗುಣ. ಹೊಟ್ಟೆಕಿಚ್ಚು ಪಡುವ ಕೆಲಸವನ್ನೆಲ್ಲ ನನ್ನೊಬ್ಬಳಿಗೇ ಬಿಟ್ಟುಬಿಡುತ್ತಿದ್ದಳು.

ತೆಂಗಿನ ಸೀಮೆಯವರಿಗೆ ಸಮುದ್ರ ಎಲ್ಲಿಂದ ಬಂತು ಅಂದರೆ, ಅಪ್ಪನಿಂದ. ತಿಪಟೂರಿನಲ್ಲಿ ಅವರದು ಕೊಬ್ಬರಿ ಮಂಡಿ. ಮಂಗಳೂರಿನ ಕಡೆಯ ಗಿರಾಕಿಯೊಬ್ಬರು ಸ್ನೇಹಿತರಾಗಿದ್ದರು. ಹೆಂಚು ತುಂಬಿಕೊಂಡು ಗುಜರಾತಿಗೆ ಹೋಗುವ, ಹಾಯಿ ಕಟ್ಟಿದ ಮರದ ಹಡಗು ಅವರದು. ಅಂಥ ಹಡಗನ್ನು ಅಲ್ಲಿಯವರು ಮಂಜಿ ಅನ್ನುತ್ತಿದ್ದರು. ಆಗಲೇ ಅವುಗಳ ಕಾಲ ಮುಗಿಯುತ್ತಾ ಬಂದಿತ್ತು. ಆ ಸ್ನೇಹಿತರು ಒಮ್ಮೆ ನಮ್ಮ ಮನೆಯಲ್ಲಿ ಊಟಕ್ಕೆ ಕೂತಾಗ, ಹಡಗು ನಿಲ್ಲುವ ಬಂದರಿನಿಂದ ಸೋಮನಾಥನ ದೇವಸ್ಥಾನ ಕೂಗಳತೆ ಅಂದರು. ಒಳಗೆ ಮುದ್ದೆ ಕಟ್ಟುತ್ತಿದ್ದ ಅಜ್ಜಿಯ ಕೈ ಅಲ್ಲೇ ನಿಂತಿತು. ದಿನಾ ಲಿಂಗಪೂಜೆ ಮಾಡದೆ ತೊಟ್ಟು ನೀರು ಮುಟ್ಟದ ಅಜ್ಜಿಗೆ ಸೋಮನಾಥ ನೋಡಬೇಕೆಂಬ ಆಸೆ ಇದೆಯೆಂದು ನಮಗೆ ಯಾರಿಗೂ ಗೊತ್ತಿರಲಿಲ್ಲ, ಬಹುಶಃ ಅವಳಿಗೂ. ದಸರಾ ರಜಕ್ಕೆ ಎಲ್ಲರೂ ಹೋಗುವುದೆಂದಾಯಿತು. ಬೀದಿಯಲ್ಲಿ ಅಪ್ಪನನ್ನು ನಿಲ್ಲಿಸಿ ಕೇಳುತ್ತಿದ್ದರು:

"ಏನ್ ಶಿವಣ್ಣ, ಕೆರೇಲಿ ಈಜಕ್ಕೆ ಬರದವನು ಹಡಗು ಹತ್ತೀಯಂತೆ?"

"ಹಡಗು ಈಜ್ತದೆ ಕಣಪ್ಪ, ನಾನ್ಯಾಕೆ ಈಜ್ಲಿ."

ಎರಡು ವಾರಕ್ಕೂ ಮಿಕ್ಕಿದ ದಾರಿ. ರಾಗಿಹಿಟ್ಟು, ಹುರಿಹಿಟ್ಟು, ಕೊಬ್ಬರಿ ಚಟ್ನಿಪುಡಿ, ಉಪ್ಪಿನಕಾಯಿ, ಅಜ್ಜಿಯ ಪೂಜೆಯ ಸಾಮಾನು, ಎಲ್ಲ ಕಟ್ಟಿದರು. ಹಸಿಕಾಯಿ ದೂರದ ದಾರಿಯಲ್ಲಿ ಕೆಟ್ಟುಹೋಗುತ್ತದೆ ಅಂತ ಅಟ್ಟದ ಒಣಕಾಯಿಗಳನ್ನೇ ಚೀಲಕ್ಕೆ ತುಂಬಿದರು. ಎಲ್ಲದರ ಮೇಲೆ ನನ್ನ ಒಂದು ಬೊಟ್ಟಿನ ಕಾಯಿ, ನುಣ್ಣಗೆ ಸುಲಿದು, ಅರಿಶಿನದ ಬಟ್ಟೆಯಲ್ಲಿ ಸುತ್ತಿ. ಆ ಸಲ ಅದು ಬೆಲ್ಲದ ಜೊತೆ ನನ್ನ ಕೈಗಲ್ಲ, ಸೋಮನಾಥನಿಗೆ ಅಂದಳು ಅಜ್ಜಿ.

ಬಂದರಿನಲ್ಲಿ ಸಮುದ್ರ ಕಂಡ ತಕ್ಷಣ ಅಜ್ಜಿ ಸೆರಗನ್ನು ಬಾಯಿಗಿಟ್ಟುಕೊಂಡು ನಿಂತಳು. ಆಮೇಲೆ, "ಇಷ್ಟು ನೀರಿದ್ದೂ ಒಂದು ತೋಟಕ್ಕೆ ಕಟ್ಟಂಗಿಲ್ವಲ್ಲ" ಅಂದಳು. ಹಡಗು ನಡೆಸುವ ತಂಡೇಲನ ಹೆಸರು ಬಾಬಣ್ಣ. ಕುಳ್ಳ, ಗಟ್ಟಿ ಆಳು, ಮಾತಾಡಿದರೆ ಹಾಡಿದಂತೆ ಕೇಳುತ್ತಿತ್ತು. ಹಗ್ಗ ಬಿಚ್ಚುವ ಮುಂಚೆ ಮುಂದಲೆಗೆ, ಅಂದರೆ ಹಡಗಿನ ಮೂತಿಗೆ, ಕಾಯಿ ಒಡೆಯುವುದು ಅವರ ಪದ್ಧತಿ. ತಿಪಟೂರಿನವರು ಬರುತ್ತಾರೆ, ಅವರ ಕೈಯಲ್ಲಿ ಕಾಯಿಗೇನು ಬರ ಅಂತ ಹಡಗಿನವರು ತಂದಿರಲಿಲ್ಲ. ದೂರದ ದಾರಿ ಅಂತ ನಾವು ಹಸಿಯದು ತಂದಿರಲಿಲ್ಲ. ಸಮುದ್ರದ ಇಳಿತ ಶುರುವಾಗಿತ್ತು, ನೀರಿನ ಜೊತೆಗೇ ಹಡಗು ಹೊರಡಬೇಕು, ಅಂಗಡಿಗೆ ಹೋಗಿ ಬರಲು ಹೊತ್ತಿರಲಿಲ್ಲ. ಚೀಲದಲ್ಲಿ ಮೇಲೆಯೇ ಇದ್ದ ನನ್ನ ಕಾಯಿಯನ್ನು ಅಪ್ಪ ಎತ್ತಿಕೊಂಡರು.

"ಯಾರದೋ ಅವಳೇ ಒಡೀಲಿ. ಬಾರೇ ನಾಗು."

ಇಷ್ಟೂ ಜನ ನನ್ನ ಮುಖ ನೋಡುತ್ತಿದ್ದದ್ದು ಜೀವನದಲ್ಲಿ ಅದೇ ಮೊದಲು. ಮದುವೆಯ ದಿನ ಕೂಡ ಹಾಗೆ ನೋಡಲಿಲ್ಲ, ಅವತ್ತು ಅಡುಗೆಯವರು ಕೈಕೊಟ್ಟಿದ್ದರು. ಅಮ್ಮ ನೋಡುತ್ತಿದ್ದಾಳಾ ಅಂತ ತಿರುಗಿದೆ. ಕಾಣಲಿಲ್ಲ. ಎರಡು ಕೈಯಲ್ಲೂ ಎತ್ತಿ ಮುಂದಲೆಯ ಕಬ್ಬಿಣದ ಪಟ್ಟಿಗೆ ಬಡಿದೆ. ಚಿಪ್ಪು ಎರಡಾಯಿತು. ನೀರು ಚಿಮ್ಮುತ್ತದೆ ಅಂತ ಕೈಯೊಡ್ಡಿ ನಿಂತಿದ್ದ ಬಾಬಣ್ಣನ ಕೈ ಒಣಗಿಯೇ ಉಳಿಯಿತು. ಒಂದು ದುಂಡನೆಯ ಕೊಬ್ಬರಿ ಹಲಗೆಯ ಮೇಲೆ ಲೊಡಲೊಡ ಉರುಳಿಕೊಂಡು ಹೋಯಿತು.

"ಇದೆಂತ ಮಾರಾಯ್ರೆ? ನೀರೇ ಇಲ್ವಲ್ಲ!"

"ನೀರ್ಯಾಕ್ರೀ, ಎಣ್ಣೆ ನೋಡಿ ಎಷ್ಟಿದೆ!" ಅಂದರು ಅಪ್ಪ, ಮಂಡಿಯಲ್ಲಿ ಗಿರಾಕಿಗೆ ಹೇಳುವ ಹಾಗೆ.

ಹಡಗಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬಾಬಣ್ಣ ನಕ್ಕು, ಒಂದು ತಂಬಿಗೆ ನೀರನ್ನು ತಾನೇ ಮುಂದಲೆಗೆ ಹೊಯ್ದು, "ಆಯ್ತು, ಹೊರಡುವ" ಅಂದ. ಅಷ್ಟರಲ್ಲಿ ಉರುಳಿದ ಕೊಬ್ಬರಿಯನ್ನು ಹಿಡಿದು ಲಂಗದಲ್ಲಿ ಕಟ್ಟಿಕೊಂಡವಳು ಯಾರು? ಶೈಲ.

"ಅದು ನನ್ನದು, ಕೊಡೇ."

"ನೀನು ಒಡೆದ್ಯಲ್ಲ ಅಕ್ಕ, ನಾನು ಹಿಡಿದೆ."

ಮೊದಲ ದಿನಗಳಲ್ಲಿ ಅಪ್ಪ ಹಾಯಿಯ ಹಗ್ಗ ಹಿಡಿಯಲು ಹೋಗಿ ಬೈಸಿಕೊಳ್ಳುತ್ತಿದ್ದರು. ಅಜ್ಜಿ ಅಲುಗಾಡುವ ಹಲಗೆಯ ಮೇಲೆ ಎಡಗೈಯಲ್ಲಿ ಲಿಂಗ ಹಿಡಿದು, ಬಲಗೈಯಲ್ಲಿ ಕಂಬ ತಬ್ಬಿಕೊಂಡು ಪೂಜೆ ಮುಗಿಸುತ್ತಿದ್ದಳು. ಹಡಗಿನವರು ಮೀನು ಬೇಯಿಸುವಾಗ ಅಮ್ಮನೊಬ್ಬಳನ್ನು ಬಿಟ್ಟು ನಾವೆಲ್ಲ ಗಾಳಿ ಬರುವ ಕಡೆಗೆ ಸರಿದು ಕೂತು ಚಟ್ನಿಪುಡಿ ಮುದ್ದೆ ನುಂಗುತ್ತಿದ್ದೆವು. ಶೈಲ ಎಲ್ಲರಿಗೂ ಬೇಕಾದವಳಾದಳು. ಬಾಬಣ್ಣ ಅವಳನ್ನು ಚುಕ್ಕಾಣಿಯ ಹತ್ತಿರ ಕೂರಿಸಿಕೊಂಡು ದಡದ ಗುಡ್ಡಗಳ ಹೆಸರು ಹೇಳುತ್ತಿದ್ದ. ನನಗೆ ಯಾರೂ ಬೇಡ ಅಂದಿರಲಿಲ್ಲ. ಆದರೆ ಬಾ ಅಂತಲೂ ಅಂದಿರಲಿಲ್ಲ. ನಾನು ಕರೆಯದೆ ಹೋಗುವವಳಲ್ಲ. ಅವಳು ಚುಕ್ಕಾಣಿಯ ಪಕ್ಕ ಕೂತು ನನ್ನ ಕೊಬ್ಬರಿಯನ್ನು ಇಷ್ಟಿಷ್ಟೇ ಕೆರೆದು ತಿನ್ನುತ್ತಿದ್ದಳು. ನಾನು ದೂರದಿಂದ ಅದು ಎಷ್ಟು ಸಣ್ಣದಾಯಿತು ಅಂತ ನೋಡುತ್ತಿದ್ದೆ.

ಹಾಗೆ ತಿನ್ನುತ್ತಿದ್ದವಳು ಒಂದು ಬೆಳಿಗ್ಗೆ ಹೊಟ್ಟೆ ಹಿಡಿದುಕೊಂಡು ಮುದುರಿ ಬಿದ್ದಳು. ಮಧ್ಯಾಹ್ನದ ಹೊತ್ತಿಗೆ ಮೈ ಕೆಂಡ. ಅಜ್ಜಿ ಓಮ ಕುಟ್ಟಿ ಕುಡಿಸಿದಳು, ವಿಭೂತಿ ಹಚ್ಚಿದಳು. ಕುಡಿಸಿದ್ದೆಲ್ಲ ಆಚೆಗೆ ಬಂತು. ಬಲಗಡೆ ಕೆಳಹೊಟ್ಟೆ ಮುಟ್ಟಿದರೆ ಕಿರುಚುತ್ತಿದ್ದಳು. ಹತ್ತಿರದ ಬಂದರಿಗೆ ತಿರುಗಿಸೋಣ ಅಂತ ಬಾಬಣ್ಣ ಹಾಯಿ ತಿರುಗಿಸುವಷ್ಟರಲ್ಲಿ ಗಾಳಿಯೇ ನಿಂತುಹೋಯಿತು. ಹಾಯಿ ಒಣಗಲು ಹಾಕಿದ ಕಂಬಳಿಯಂತೆ ಜೋತುಬಿತ್ತು. ದಡ ಕಾಣುತ್ತಿದೆ, ತೆಂಗಿನ ಮರಗಳೂ ಕಾಣುತ್ತಿವೆ, ಹಡಗು ಅಲ್ಲಾಡುವುದಿಲ್ಲ. ಹಡಗಿನವರಲ್ಲಿ ಒಬ್ಬ ಗೊಣಗಿದ:

"ಒಣಗಿದ ಕಾಯಿ ಒಡೆಸಿದ್ದಲ್ವಾ. ಮತ್ತೆಂತ ಆಗ್ಬೇಕು?"

"ಬಾಯಿ ಮುಚ್ಚು, ಮಗು ಉಂಟು ಅಲ್ಲಿ" ಅಂತ ಬಾಬಣ್ಣ ಗದರಿದ.

ನನಗೆ ಕೇಳಿಸಿತ್ತು. ನನ್ನ ಕಾಯಿಯಿಂದ ಗಾಳಿ ನಿಂತಿದೆ, ನನ್ನ ಕೊಬ್ಬರಿ ತಿಂದು ತಂಗಿ ಸಾಯುತ್ತಿದ್ದಾಳೆ. ಹೆದರಿದೆ. ಆದರೆ ಆ ಹೆದರಿಕೆಯ ಒಳಗೆ, ಕೊಬ್ಬರಿ ಚಿಪ್ಪು ಬಿಟ್ಟಂತೆ, ಇನ್ನೊಂದು ಏನೋ ಅಲ್ಲಾಡುತ್ತಿತ್ತು: ಸದ್ಯ, ಇದರಲ್ಲಿ ನನ್ನದೂ ಒಂದು ಪಾಲಿದೆ.

ಹಡಗಿನ ಹಿಂಬದಿಯಲ್ಲಿ ಗರಿ ಹೊದಿಸಿದ ಒಂದು ಸಣ್ಣ ಮಾಡು ಇತ್ತು. ಅಮ್ಮ ಅದರೊಳಗೆ ಶೈಲಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ನಾನು ಮಾಡಿನ ಬಾಯಲ್ಲಿ ಕೂತೆ. ಒಳಗೆ ಮೂರನೆಯವರಿಗೆ ಜಾಗವಿರಲಿಲ್ಲ. ಅಮ್ಮ ಒದ್ದೆ ಬಟ್ಟೆ ಹಿಂಡಿ ಹಣೆಗೆ ಹಾಕುವಳು, ಅದು ಬಿಸಿಯಾದರೆ ತೆಗೆದು ಮತ್ತೆ ಅದ್ದುವಳು. ಬಟ್ಟೆ ಹಿಂಡುವಾಗ ಬಳೆ ಮೊಣಕೈತನಕ ಸರಿಯುತ್ತಿದ್ದವು. ಹಣೆಯ ಮೇಲೆ ಬಟ್ಟೆ ಇಟ್ಟ ಮೇಲೂ ಅಂಗೈಯನ್ನು ಸ್ವಲ್ಪ ಹೊತ್ತು ಅಲ್ಲೇ ಬಿಡುತ್ತಿದ್ದಳು, ಮುದ್ದೆಯ ಕಾವು ನೋಡುವ ಹಾಗೆ. ನನ್ನ ಹಣೆಯನ್ನು ನಾನೇ ಮುಟ್ಟಿ ನೋಡಿಕೊಂಡೆ. ತಣ್ಣಗೆ, ಆರೋಗ್ಯವಾಗಿ, ಯಾವ ಪ್ರಯೋಜನಕ್ಕೂ ಬಾರದೆ ಇತ್ತು.

ಮರುದಿನ ಇಂಜಿನ್ನಿನ ಮೀನಿನ ಬೋಟೊಂದು ದೂರದಲ್ಲಿ ಹೋಗುತ್ತಿತ್ತು. ಬಾಬಣ್ಣ ಅಜ್ಜಿಯ ಬಿಳಿ ಸೀರೆಯನ್ನು ಕೋಲಿಗೆ ಕಟ್ಟಿ ಬೀಸಿದ. ಬೋಟು ಹತ್ತಿರ ಬಂತು. ಅದರ ತುಂಬ ಬಲೆ, ಮೀನು, ಜನ. ರೋಗಿಯ ಜೊತೆ ಇಬ್ಬರು ಬರಬಹುದು ಅಂದರು. ಮೀನಿನ ವಾಸನೆಗೆ ಮೂಗು ಮುಚ್ಚಿಕೊಂಡು ಊಟ ಬಿಡುತ್ತಿದ್ದ ಅಮ್ಮ, ಶೈಲಳನ್ನು ಎದೆಗೆ ಅವುಚಿಕೊಂಡು, ಸೀರೆ ಎತ್ತಿ ಕಟ್ಟಿ, ಎರಡು ಹಡಗಿನ ನಡುವೆ ಯಾರ ಕೈಯನ್ನೂ ಹಿಡಿಯದೆ ದಾಟಿ ಮೀನಿನ ರಾಶಿಯ ಮೇಲೇ ಕೂತಳು. ಅಪ್ಪ ಹಿಂದೆ ಹೋದರು. ಅಪ್ಪ ತಿರುಗಿ "ಅಜ್ಜಿ ಕೈ ಬಿಡಬೇಡ ಕಣೇ" ಅಂತ ಕೂಗಿದರು. ಅಮ್ಮ ತಿರುಗಲಿಲ್ಲ. ಬೋಟು ಚಿಕ್ಕದಾಗುತ್ತಾ ಹೋಯಿತು, ಅಮ್ಮನ ಬೆನ್ನು ಒಂದು ಬೊಟ್ಟಾಗುವ ತನಕ ನೋಡಿದೆ.

ಗಾಳಿ ಎದ್ದು ಅಜ್ಜಿಯೂ ನಾನೂ ಆ ಬಂದರು ಮುಟ್ಟುವ ಹೊತ್ತಿಗೆ ಶೈಲಳ ಹೊಟ್ಟೆ ಕೊಯ್ದು ಹೊಲಿದಾಗಿತ್ತು. ಅಪೆಂಡಿಕ್ಸ್. ಇನ್ನು ಸ್ವಲ್ಪ ತಡವಾಗಿದ್ದರೂ ಒಡೆಯುತ್ತಿತ್ತಂತೆ. ಕೊಬ್ಬರಿಗೂ ಇದಕ್ಕೂ ಏನಾದರೂ ಸಂಬಂಧ ಇದೆಯಾ ಅಂತ ಡಾಕ್ಟರನ್ನು ನಾನೇ ಕೇಳಿದೆ. ಅವರು ನಕ್ಕು ಕೆನ್ನೆ ತಟ್ಟಿದರು. ಸಮಾಧಾನವಾಯಿತು. ಜೊತೆಗೆ ಇದ್ದೊಂದು ಪಾಲೂ ಹೋಯಿತು. ಬಾಬಣ್ಣ ನಮ್ಮ ಚೀಲಗಳನ್ನು ಇಳಿಸಿ, ಸೋಮನಾಥನಿಗೆ ಅಂತ ಅಜ್ಜಿ ಕೊಟ್ಟ ಇನ್ನೊಂದು ಒಣಕಾಯಿಯನ್ನು ಕಣ್ಣಿಗೊತ್ತಿಕೊಂಡು ಇಸಿದುಕೊಂಡು ಹೋದ. ಹಾಯಿ ಮರೆಯಾಗುವವರೆಗೆ ಅಜ್ಜಿ ಬಂದರಿನಲ್ಲಿ ನಿಂತಿದ್ದಳು. ಅವಳ ಕೈ ಬಿಡಬಾರದೆಂದು ಅಪ್ಪ ಹೇಳಿದ್ದರಲ್ಲ, ನಾನು ಹಿಡಿದೇ ಇದ್ದೆ.

"ಹೋಗ್ಲಿ ಬುಡು. ಹುಡ್ಗಿ ಉಳೀತಲ್ಲ" ಅಂದಳು. ಮತ್ತೆ ಸೋಮನಾಥನ ಮಾತು ಎತ್ತಲಿಲ್ಲ.

ಊರಿಗೆ ಬಂದ ಮೇಲೆ ಶುರುವಾದದ್ದು ನಿಜವಾದ ಕಾಯಿಲೆ, ಅದು ನನ್ನದು. ಅರಳಗುಪ್ಪೆಯಿಂದ ಅತ್ತೆ ಬಂದರು, ಓಣಿಯವರೆಲ್ಲ ಬಂದರು. ಸಮುದ್ರದ ಮೇಲೆ ಸಾವು ಗೆದ್ದ ಮಗುವನ್ನು ನೋಡುವುದಕ್ಕೆ. ಶೈಲ ಹಾಸಿಗೆಯ ಮೇಲೆ ಎರಡು ದಿಂಬು ಒರಗಿಕೊಂಡು, ಕೇಳಿದವರಿಗೆ ಲಂಗ ಜಾರಿಸಿ ಗಾಯದ ಗುರುತು ತೋರಿಸುತ್ತಿದ್ದಳು. ಸಮುದ್ರದ ಬಗ್ಗೆ ಹೇಳುತ್ತಿದ್ದಳು: ಅಲೆ ನಮ್ಮ ಮನೆಯ ಹೆಂಚಿನಷ್ಟು ಎತ್ತರ, ಹಡಗಿನ ಜೊತೆ ಜೊತೆಗೇ ಹಾರಿಕೊಂಡು ಬರುವ ದೊಡ್ಡ ಮೀನುಗಳು. ಅತ್ತೆ ಕಣ್ಣೊರೆಸಿಕೊಂಡು, ಕಾಫಿ ತಂದುಕೊಟ್ಟ ನನ್ನನ್ನು ಕೇಳಿದರು:

"ನೀನೂ ಹೋಗಿದ್ಯೇನೇ ನಾಗು?"

ಒಂದು ದಿನ ನಾನು ಎರಡು ಕಂಕುಳಲ್ಲೂ ಈರುಳ್ಳಿ ಇಟ್ಟುಕೊಂಡು ಕಂಬಳಿ ಹೊದ್ದು ಮಲಗಿದೆ. ಹಾಗೆ ಮಾಡಿದರೆ ಜ್ವರ ಬರುತ್ತದೆಂದು ಶಾಲೆಯಲ್ಲಿ ಹೇಳುತ್ತಿದ್ದರು. ಅಜ್ಜಿ ಬಂದು ಕಂಬಳಿ ಎತ್ತಿ ಮೂಸಿ, "ಕೊಡು ಇತ್ಲಾಗೆ, ಸಾರಿಗೆ ಬೇಕು" ಅಂದಳು. ಅವತ್ತಿನ ಸಾರನ್ನು ನಾನು ಉಣ್ಣಲಿಲ್ಲ. ಯಾರೂ ಗಮನಿಸಲಿಲ್ಲ.

ಶೈಲಳಿಗೆ ಆಮೇಲೆ ಎಲ್ಲವೂ ಹಾಗೇ ಸಿಕ್ಕಿತು. ಮದುವೆಯಾಗಿ ಬಂದ ಗಂಡ ನಮ್ಮ ಮನೆಯಲ್ಲೇ ಉಳಿದ, ಅಪ್ಪನ ಕಡೆಗಾಲದಲ್ಲಿ ಮಂಡಿ ನೋಡಿಕೊಂಡ. ಮನೆ ಅವಳಿಗೆ, ಅಟ್ಟ ಅವಳಿಗೆ, ಅಮ್ಮನ ಮಗ್ಗುಲು ಇವತ್ತಿಗೂ ಅವಳಿಗೇ. ನನಗೂ ಅನ್ಯಾಯವೇನೂ ಆಗಿಲ್ಲ. ತುರುವೇಕೆರೆಯಲ್ಲಿ ಬಟ್ಟೆ ಅಂಗಡಿ ಇದೆ, ಒಳ್ಳೆಯ ಗಂಡ ಇದ್ದಾರೆ, ಚಿಂತೆ ಮಾಡಲು ಬೇಕಾದಷ್ಟು ವಿಷಯಗಳಿವೆ. ಸಮುದ್ರದ ಕಥೆಯಲ್ಲಿ ಕಾಯಿ ಒಡೆದವಳು ನಾನು, ಅದೊಂದು ಸಾಕು ಅಂದುಕೊಂಡಿದ್ದೆ.

ಹೋದ ಗೌರಿ ಹಬ್ಬಕ್ಕೆ ತವರಿಗೆ ಹೋದಾಗ ಶೈಲ ತನ್ನ ಹೊಸ ಸೊಸೆಗೆ ಸಮುದ್ರದ ಕಥೆ ಹೇಳುತ್ತಿದ್ದಳು. ಅದೇ ನಡುಮನೆ, ಅದೇ ತೊಲೆಯ ಕೆಳಗೆ. ಅಮ್ಮ ಗೋಡೆಗೊರಗಿ ಕೊಬ್ಬರಿ ತುರಿಯುತ್ತಿದ್ದಳು. ನಾನು ಒಳಗೆ ಕಾಲಿಡುವುದಕ್ಕೂ ಶೈಲ, "ಎತ್ತಿ ಬಡಿದೆ ನೋಡು, ನೀರೇ ಇಲ್ಲ!" ಅನ್ನುವುದಕ್ಕೂ ಸರಿಹೋಯಿತು.

"ಬಡಿದಿದ್ದು ನಾನು ಕಣೇ."

"ನೀನಾ? ನೀನು ಕೊಬ್ಬರಿ ಕೊಡು ಅಂತ ಅಳ್ತಿದ್ಯಲ್ಲ ಅಕ್ಕ."

"ಅದು ಆಮೇಲೆ. ನನ್ನ ಕಾಯಿ ಅದು. ಒಂದೇ ಬೊಟ್ಟು."

"ಇರ್ಬಹುದಪ್ಪ. ನಂಗೆ ನಾನೇ ಒಡೆದಂಗೆ ಕಣ್ಣಿಗೆ ಕಟ್ಟಿದಂಗಿದೆ."

ಇಷ್ಟು ವಯಸ್ಸಾದ ಮೇಲೆ, ಸೊಸೆಯ ಎದುರಿಗೆ, ಒಂದು ಕಾಯಿಗೆ ಜಗಳಕ್ಕೆ ನಿಂತಿದ್ದೆ. ನೀನು ಜ್ವರ ತಗೊಂಡೆ, ಗಾಯ ತಗೊಂಡೆ, ಅಮ್ಮನ್ನ ತಗೊಂಡೆ, ಒಂದು ಕಾಯಿ ಬಿಡೇ ನಂಗೆ! ಇದನ್ನೆಲ್ಲ ಹೇಳಲಿಲ್ಲ. "ಅಮ್ಮನ್ನೇ ಕೇಳು" ಅಂದೆ. ಅಷ್ಟೇ.

ಅಮ್ಮ ತುರಿಮಣೆ ನಿಲ್ಲಿಸಿದಳು.

"ಯಾರು ಒಡೆದ್ರೋ ನಂಗೇನ್ ಗೊತ್ತು? ನಾನೆಲ್ಲಿ ನೋಡ್ದೆ? ಹಡಗಿಗೆ ಕಾಲಿಟ್ಟಿದ್ದೇ ತಲೆ ತಿರುಗಿ ಆ ಮಾಡಿನೊಳಗೆ ಬಿದ್ಕಂಡೆ. ಮೊದ್ಲು ನನ್ನ ವಾಂತಿ, ಆಮೇಲೆ ಇವಳ ಜ್ವರ. ಬೋಟಲ್ಲಿ ಇವಳ ಮುಖ ಬಿಟ್ಟು ಆಚೆ ಈಚೆ ಕಣ್ಣು ಹಾಯಿಸ್ಲಿಲ್ಲ. ಅಷ್ಟು ದೂರ ಹೋಗಿ ಸಮುದ್ರನೇ ಸರಿಯಾಗಿ ನೋಡ್ಲಿಲ್ಲ ಕಣ್ರೇ ನಾನು." ಆಮೇಲೆ ನನ್ನ ಕಡೆಗೆ ತಿರುಗಿದಳು. "ನೀನು ಆಚೆ ಬಾಗಿಲಲ್ಲಿ ಗಾಳೀಲಿ ಹಾಯಾಗಿ ಕೂತಿದ್ದೆ. ನಿನ್ನ ಹಿಂದೆ ಒಂಚೂರು ನೀಲಿ ಕಾಣ್ತಿತ್ತು. ಎಂಥ ಪುಣ್ಯವಂತೆ, ಎಲ್ಲಾನೂ ನೋಡ್ತಾಳೆ ಅಂತ ನಂಗೆ ಎಷ್ಟು ಹೊಟ್ಟೆ ಉರೀತಿತ್ತು ಗೊತ್ತಾ? ಹೇಳು, ಹೆಂಗಿತ್ತೇ ಅದು?"

ಅಮ್ಮ ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಇಷ್ಟು ವರ್ಷ ಕಾದದ್ದು ಇದೊಂದಕ್ಕೆ. ಸೊಸೆ ನೋಡುತ್ತಿದ್ದಳು, ಶೈಲ ಕೂಡ. ನಾನು ಬಾಯಿ ತೆರೆದೆ. ನೆನಪಿಗೆ ಬಂದದ್ದು ಅಮ್ಮನ ಬಟ್ಟೆ ಹಿಂಡುವ ಕೈ. ಮೊಣಕೈಗೆ ಸರಿದ ಬಳೆಗಳು, ಅವುಗಳಲ್ಲಿ ಒಂದು ಒಡೆದು ಸಂಖ್ಯೆ ಕಮ್ಮಿಯಾಗಿದ್ದದ್ದು, ಹಣೆಯ ಮೇಲೆ ಉಳಿದ ಅಂಗೈ, ಆ ಬಟ್ಟೆಯ ಅಂಚಿನ ಹಸಿರು ಗೀಟು. ಎಲ್ಲ ಇದೆ. ಸಮುದ್ರ ಮಾತ್ರ ಇಲ್ಲ. ಅದು ನನ್ನ ಬೆನ್ನ ಹಿಂದೆ ಇತ್ತು, ಅಮ್ಮ ಹೇಳಿದ ಹಾಗೆ. ನಾನು ಒಮ್ಮೆಯೂ ಅತ್ತ ತಿರುಗಿರಲಿಲ್ಲ.

"ನೀನೇ ಹೇಳೇ ಶೈಲ" ಅಂದೆ. "ನಿಂಗೆ ಚೆನ್ನಾಗಿ ಬರ್ತದೆ."

ಅವಳು ಹೇಳು ಅನ್ನಿಸಿಕೊಳ್ಳುವುದಕ್ಕೇ ಕಾದಿದ್ದವಳಂತೆ ಶುರುಮಾಡಿದಳು. ಬೆಳಿಗ್ಗೆ ಅದು ಹೊಸ ತೆಂಗಿನಗರಿಯ ಬಣ್ಣ ಇರುತ್ತಿತ್ತು ಅಮ್ಮ, ಮಧ್ಯಾಹ್ನ ನೋಡಿದರೆ ಕಣ್ಣು ಚುಚ್ಚುತ್ತಿತ್ತು, ಸಂಜೆ ಹಡಗಿನ ಮಗ್ಗುಲಲ್ಲೇ ಮೀನುಗಳು ಎದ್ದು ಎದ್ದು ಬೀಳುತ್ತಿದ್ದವು, ಮಕ್ಕಳು ಹಗ್ಗ ಆಡಿದ ಹಾಗೆ. ಅಮ್ಮ ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದಳು. ತುರಿದ ಕೊಬ್ಬರಿ ಅವಳ ಬೆರಳಿಗೆ ಅಂಟಿಕೊಂಡಿತ್ತು. ಶೈಲ ಹೇಳಿದ್ದರಲ್ಲಿ ಎಷ್ಟು ನಿಜವೋ ನನಗೆ ಗೊತ್ತಿಲ್ಲ. ಎಷ್ಟು ಚೆನ್ನಾಗಿ ಹೇಳುತ್ತಾಳೆ, ಹಾಳಾದವಳು, ಅಂತ ನನ್ನ ಹೊಟ್ಟೆ ಮತ್ತೆ ಉರಿಯಲು ಶುರುವಾಯಿತು.

"ಅಲ್ವೇನೇ ಅಕ್ಕ?" ಅಂತ ಅವಳು ನಡುವೆ ನಿಲ್ಲಿಸಿ ಕೇಳಿದಳು. "ನೀನೂ ಇದ್ಯಲ್ಲ."

"ಹೂಂ ಕಣಮ್ಮ," ಅಂದೆ ಅಮ್ಮನಿಗೆ, "ಹಂಗೇ ಇತ್ತು."